ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ಹಳೇ ವಿಂಡೋಸ್‌ನ ಮೆಮೊರಿ ಎರರ್ ಓದುವುದು ಹೇಗೆ

ಪ್ರಶ್ನೆ: ನನ್ನ ಹತ್ತಿರ ವಿಂಡೋಸ್ 98 ಸೆಕೆಂಡ್ ಎಡಿಷನ್ ಇರುವ ಹಳೇ ಕಂಪ್ಯೂಟರ್ ಇದೆ. ಪುಟ ವಿನ್ಯಾಸ ಮಾಡುವ ಒಂದು ಹಳೇ ಪ್ರೋಗ್ರಾಂ, ಸ್ಟಾಕ್ ಲೆಕ್ಕ ಇಡುವ ಒಂದು ಡಾಸ್ ಪ್ರೋಗ್ರಾಂ, ಇವೆರಡಕ್ಕಾಗಿಯೇ ಅದನ್ನು ಇಟ್ಟುಕೊಂಡಿದ್ದೇನೆ. ಮೊದಲು 128 ಎಂಬಿ ರ‍್ಯಾಮ್ ಇತ್ತು. ಪುಟ ವಿನ್ಯಾಸದ ಪ್ರೋಗ್ರಾಂ ಆಗಾಗ 'ಇಲ್ಲೀಗಲ್ ಆಪರೇಷನ್' ಅಂತ ಮುಚ್ಚಿಕೊಳ್ಳುತ್ತಿತ್ತು. ಮೆಮೊರಿ ಸಾಲದೇನೋ ಅಂತ ಆ ಕಡ್ಡಿ ತೆಗೆದು, 256 ಎಂಬಿಯ ಮೂರು ಕಡ್ಡಿ ಹಾಕಿ 768 ಮಾಡಿದೆ. ಈಗ ತೊಂದರೆ ಇನ್ನೂ ಜಾಸ್ತಿ ಆಗಿದೆ. ಎರರ್‌ನಲ್ಲಿ ಕರ್ನೆಲ್32 ಅನ್ನುವ ಹೆಸರು ಬರುತ್ತದೆ, ಕೆಲವು ಸಲ ನೀಲಿ ಪರದೆ ಬರುತ್ತದೆ, ಡಾಸ್ ಪ್ರೋಗ್ರಾಂ ತೆರೆಯಲು ಹೋದರೆ ಮೆಮೊರಿ ಸಾಲದು ಅನ್ನುತ್ತದೆ. ಹೊಸ ರ‍್ಯಾಮ್ ಕೆಟ್ಟದ್ದು ಬಂತಾ? ವಿಂಡೋಸ್ ಮತ್ತೆ ಹಾಕಬೇಕಾ?

ಉತ್ತರ: ವಿಂಡೋಸ್ ಮತ್ತೆ ಹಾಕಬೇಡಿ, ಈಗಂತೂ ಬೇಡ. ಅದಕ್ಕಿಂತ ಮೊದಲು ಸ್ಟಾಕ್ ಲೆಕ್ಕದ ಡೇಟಾ ಇರುವ ಫೋಲ್ಡರನ್ನು ಇವತ್ತೇ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಹಳೇ ಬ್ಯಾಕಪ್ ಇದ್ದರೆ ಅದರ ಮೇಲೆ ಬರೆಯಬೇಡಿ, ಬೇರೆ ಹೆಸರು ಕೊಡಿ. ಯಾಕೆ ಅಂದರೆ ರ‍್ಯಾಮ್‌ನಲ್ಲಿ ದೋಷ ಇದ್ದರೆ ಅದು ಪ್ರೋಗ್ರಾಂ ಬೀಳಿಸಿ ಸುಮ್ಮನಾಗುವುದಿಲ್ಲ. ಡಿಸ್ಕ್‌ಗೆ ಹೋಗುವ ಡೇಟಾ ಕೂಡ ಅದೇ ರ‍್ಯಾಮ್ ದಾಟಿಯೇ ಹೋಗಬೇಕು, ದಾರಿಯಲ್ಲಿ ಒಂದು ಬಿಟ್ ತಿರುಗಿದರೂ ತಪ್ಪು ಲೆಕ್ಕವೇ ಫೈಲ್‌ನಲ್ಲಿ ಕೂರುತ್ತದೆ, ಯಾವ ಮೆಸೇಜೂ ಬರುವುದಿಲ್ಲ. ವಿಂಡೋಸ್ ಮತ್ತೆ ಹಾಕುವಾಗಲೂ ಅಷ್ಟೇ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ಹಾಕಿದರೆ ಸಿಸ್ಟಂ ಫೈಲ್‌ಗಳೇ ಹಾಳಾಗಿ ಕಾಪಿ ಆಗಬಹುದು, ಆಮೇಲೆ ರ‍್ಯಾಮ್ ಬದಲಿಸಿದರೂ ಕ್ರ್ಯಾಶ್ ನಿಲ್ಲುವುದಿಲ್ಲ. ಆಗ ನಿಜವಾದ ಕಾರಣ ಹುಡುಕುವುದು ತುಂಬಾ ಕಷ್ಟ.

ನೀವು ಬರೆದದ್ದನ್ನು ನೋಡಿದರೆ ನಿಮ್ಮ ಮಷೀನ್‌ನಲ್ಲಿ ಕನಿಷ್ಠ ಎರಡು, ಬಹುಶಃ ಮೂರು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಕೂತಿವೆ. ಎಲ್ಲದರ ಎರರ್‌ನಲ್ಲೂ 'ಮೆಮೊರಿ' ಅನ್ನುವ ಒಂದೇ ಪದ ಬರುವುದರಿಂದ ಒಂದೇ ಕಾಯಿಲೆ ಅನಿಸುತ್ತದೆ. ಆದರೆ ಹಳೇ ವಿಂಡೋಸ್‌ನಲ್ಲಿ ಆ ಪದಕ್ಕೆ ನಾಲ್ಕಾರು ಅರ್ಥ ಇದೆ. ಸ್ಲಾಟ್‌ನಲ್ಲಿ ಕೂತಿರುವ ಕಡ್ಡಿ ಒಂದು. ಆ ಕಡ್ಡಿಗೆ ವಿಂಡೋಸ್ ಕೊಡುವ ವಿಳಾಸಗಳ ಸಾಲು ಇನ್ನೊಂದು. ಕಿಟಕಿ, ಬಟನ್, ಫಾಂಟ್‌ಗಳ ಲೆಕ್ಕ ಇಡುವ ಪುಟ್ಟ 64 ಕೆಬಿ ಡಬ್ಬಿಗಳು ಮತ್ತೊಂದು. ಡಾಸ್ ಪ್ರೋಗ್ರಾಂಗಳ 640 ಕೆಬಿ ಬೇರೆಯೇ. ಕಡ್ಡಿ ತುಂಬಿದಾಗ ವಿಂಡೋಸ್ ಬಳಸುವ, ಡಿಸ್ಕ್ ಮೇಲಿನ ಸ್ವಾಪ್ ಫೈಲ್ ಕೂಡ ಮೆಮೊರಿಯೇ. ಇದರಲ್ಲಿ ಯಾವುದು ಸಾಲದು, ಯಾವುದು ಕೆಟ್ಟಿದೆ, ಯಾವುದು ಜಾಸ್ತಿಯಾಗಿದೆ ಅಂತ ಗೊತ್ತಾಗದೆ ಏನು ಬದಲಿಸಿದರೂ ಅದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಹೌದು, ಜಾಸ್ತಿಯಾಗಿದ್ದರೂ ಈ ವಿಂಡೋಸ್ ಬೀಳುತ್ತದೆ. ನಿಮ್ಮ ವಿಷಯದಲ್ಲಿ ನನಗೆ ಮೊದಲ ಅನುಮಾನ ಅದೇ.

ವಿಂಡೋಸ್ 98ರಲ್ಲಿ ವಿಕ್ಯಾಶ್ ಅಂತ ಒಂದು ಭಾಗ ಇದೆ. ಡಿಸ್ಕ್‌ನಿಂದ ಓದಿದ್ದನ್ನು ರ‍್ಯಾಮ್‌ನಲ್ಲೇ ಇಟ್ಟುಕೊಂಡು ಮತ್ತೆ ಕೇಳಿದಾಗ ಬೇಗ ಕೊಡುವುದು ಅದರ ಕೆಲಸ. ಮಷೀನ್ ಶುರುವಾಗುವಾಗ ಅದು ಎಷ್ಟು ರ‍್ಯಾಮ್ ಇದೆ ಅಂತ ನೋಡಿ, ಅದಕ್ಕೆ ತಕ್ಕಂತೆ ತನ್ನ ಗರಿಷ್ಠ ಗಾತ್ರ ಗೊತ್ತು ಮಾಡಿಕೊಂಡು, ಅಷ್ಟಕ್ಕೂ ಬೇಕಾದ ವಿಳಾಸಗಳನ್ನು ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ. ಈ ವಿಳಾಸಗಳು ಬರುವುದು 3 ಜಿಬಿ ಮತ್ತು 4 ಜಿಬಿ ನಡುವಿನ ಜಾಗದಲ್ಲಿ. ಅಲ್ಲಿ ಇರುವುದೇ 1 ಜಿಬಿ. ಅದೇ ಜಾಗದಲ್ಲಿ ಡ್ರೈವರ್‌ಗಳು ಇರಬೇಕು, ಎಜಿಪಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೆ ಮೀಸಲಾದ ವಿಳಾಸಗಳ ಜಾಗ, ಅಂದರೆ ಅಪರ್ಚರ್ ಕೂರಬೇಕು, ಡಾಸ್ ಕಿಟಕಿ ತೆರೆಯಲು ಬೇಕಾದ್ದೂ ಅಲ್ಲಿಂದಲೇ ಬರಬೇಕು. ರ‍್ಯಾಮ್ 512 ಎಂಬಿ ದಾಟಿದರೆ ವಿಕ್ಯಾಶ್ ಅಷ್ಟನ್ನೂ ನುಂಗಿ ಉಳಿದವರಿಗೆ ವಿಳಾಸ ಇಲ್ಲದ ಹಾಗೆ ಮಾಡಿಬಿಡುತ್ತದೆ. ಕಡ್ಡಿಯಲ್ಲಿ ನೂರಾರು ಎಂಬಿ ಖಾಲಿ ಬಿದ್ದಿದ್ದರೂ ವಿಳಾಸ ಇಲ್ಲದ ಮನೆಗೆ ಹೋಗುವುದು ಹೇಗೆ, ಅಲ್ವಾ? ಆಗ ಬರುವ ಮೆಸೇಜ್ 'ಮೆಮೊರಿ ಸಾಲದು' ಅಂತಲೇ. ಡಾಸ್ ಕಿಟಕಿ ತೆರೆಯುವಾಗ ಇದು ಬರುವುದು ತೀರಾ ಮಾಮೂಲು. ಕೆಲವು ಮಷೀನ್‌ಗಳಲ್ಲಿ ವಿಂಡೋಸ್ ಶುರುವಾಗುವುದೇ ಇಲ್ಲ.

ಇದಕ್ಕೆ ಪರಿಹಾರ ಸುಲಭ. ಸ್ಟಾರ್ಟ್ ಮೆನುವಿನ ರನ್‌ನಲ್ಲಿ ಸಿಸ್‌ಎಡಿಟ್ ಅಂತ ಕೊಟ್ಟರೆ ನಾಲ್ಕಾರು ಫೈಲ್‌ಗಳು ತೆರೆದುಕೊಳ್ಳುತ್ತವೆ. ಅದರಲ್ಲಿ ಸಿಸ್ಟಂ.ಇನಿ ಹುಡುಕಿ. ವಿಕ್ಯಾಶ್ ಅಂತ ಚೌಕ ಕಂಸದಲ್ಲಿ ಬರೆದ ಒಂದು ಸಾಲು ಇರುತ್ತದೆ. ಅದರ ಕೆಳಗೆ ಮ್ಯಾಕ್ಸ್‌ಫೈಲ್‌ಕ್ಯಾಶ್=262144 ಅಂತ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. ಈ ಸಂಖ್ಯೆ ಕೆಬಿಯಲ್ಲಿದೆ, ಅಂದರೆ 256 ಎಂಬಿ. 524288 ದಾಟಬಾರದು ಅನ್ನುವುದು ನಿಯಮ. ನನ್ನನ್ನು ಕೇಳಿದರೆ ಆ ಗಡಿಯ ಹತ್ತಿರಕ್ಕೂ ಹೋಗಬೇಡಿ, 256 ಎಂಬಿ ಕ್ಯಾಶ್ ಈ ಮಷೀನ್‌ಗೆ ಧಾರಾಳ ಆಯಿತು. ಇದು ಸಾಲದೇ ಹೋದರೆ ಅದೇ ಫೈಲ್‌ನ 386ಎನ್‌ಹ್ ಅನ್ನುವ ಭಾಗದಲ್ಲಿ ಮ್ಯಾಕ್ಸ್‌ಫಿಸ್‌ಪೇಜ್=20000 ಅಂತ ಸೇರಿಸಬಹುದು. ಇದು ಹೆಕ್ಸ್ ಸಂಖ್ಯೆ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕ, 9 ಆದ ಮೇಲೆ ಎಯಿಂದ ಎಫ್ ಅಕ್ಷರಗಳೂ ಅಂಕಿಗಳೇ. ಮಾಮೂಲಿ ಲೆಕ್ಕದಲ್ಲಿ 131072 ಪುಟಗಳು, ಒಂದೊಂದು ಪುಟ 4 ಕೆಬಿ, ಒಟ್ಟು 512 ಎಂಬಿ. ಅದಕ್ಕಿಂತ ಮೇಲಿನ ರ‍್ಯಾಮನ್ನು ವಿಂಡೋಸ್ ಮುಟ್ಟುವುದೇ ಇಲ್ಲ. ಫೈಲ್ ತಿದ್ದುವ ಮೊದಲು ಅದರ ಒಂದು ಕಾಪಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ ಏನೆಂದರೆ, ಸದ್ಯಕ್ಕೆ ಮೂರರಲ್ಲಿ ಎರಡು ಕಡ್ಡಿ ತೆಗೆದು ಪಕ್ಕಕ್ಕಿಡಿ. 256 ಎಂಬಿ ವಿಂಡೋಸ್ 98ಕ್ಕೆ ಸಾಕಷ್ಟಾಯಿತು. ಗೊಂದಲ ಕಡಿಮೆ ಇದ್ದಷ್ಟೂ ಕಾರಣ ಬೇಗ ಸಿಗುತ್ತದೆ.

ಡಾಸ್ ಪ್ರೋಗ್ರಾಂ ವಿಷಯದಲ್ಲಿ ಒಂದನ್ನು ಗಮನಿಸಿ. 'ಮೆಮೊರಿ ಸಾಲದು' ಅಂತ ಹೇಳುತ್ತಿರುವುದು ಯಾರು? ಬೂದು ಬಣ್ಣದ ವಿಂಡೋಸ್ ಬಾಕ್ಸ್ ಬಂದು ಪ್ರೋಗ್ರಾಂ ಶುರುವೇ ಆಗದಿದ್ದರೆ ಮೇಲೆ ಹೇಳಿದ ವಿಕ್ಯಾಶ್ ಕಥೆ. ಕಪ್ಪು ಪರದೆ ತೆರೆದು, ಅದರ ಮೇಲೆ ಪ್ರೋಗ್ರಾಂ ತಾನೇ ಬಿಳಿ ಅಕ್ಷರದಲ್ಲಿ ಬರೆದು ನಿಂತರೆ ಅದು ಬೇರೆ. ಹಳೇ ಡಾಸ್ ಪ್ರೋಗ್ರಾಂಗಳು ಎಕ್ಸ್‌ಎಂಎಸ್ ಮೆಮೊರಿ, ಅಂದರೆ 1 ಎಂಬಿಗಿಂತ ಮೇಲಿನ ಮೆಮೊರಿ, ಎಷ್ಟಿದೆ ಅಂತ ಕೇಳಿದಾಗ ಉತ್ತರ ಬರುವುದು ಕೆಬಿಯಲ್ಲಿ, 16 ಬಿಟ್‌ನ ಒಂದು ಸಂಖ್ಯೆಯಾಗಿ. ಅದರಲ್ಲಿ ಹಿಡಿಯುವುದು 65535ರವರೆಗೆ, ಅಂದರೆ 64 ಎಂಬಿಗೆ ಒಂದು ಕೆಬಿ ಕಡಿಮೆ. ಇನ್ನು ಪ್ರೋಗ್ರಾಂ ಬರೆದವರು ಆ ಸಂಖ್ಯೆಯನ್ನು ಋಣ ಚಿಹ್ನೆಯೂ ಬರಬಹುದಾದ ಸಂಖ್ಯೆ ಅಂತ ಓದಿಕೊಂಡಿದ್ದರೆ 32 ಎಂಬಿ ಮುಟ್ಟಿದ ಕೂಡಲೇ ಅದು ಸೊನ್ನೆಗಿಂತ ಕೆಳಗಿನ ಸಂಖ್ಯೆ ಆಗಿಬಿಡುತ್ತದೆ. ಪ್ರೋಗ್ರಾಂ ನೋಡುತ್ತದೆ, 'ಸೊನ್ನೆಗಿಂತ ಕಡಿಮೆ ಇದೆ, ಸಾಲದು' ಅಂತ ಹೊರಗೆ ಬರುತ್ತದೆ. ಮೆಮೊರಿ ಜಾಸ್ತಿಯಾದದ್ದಕ್ಕೇ ಸಾಲದು ಅನ್ನುವುದು! ಅದರ ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿ ಮೆಮೊರಿ ಟ್ಯಾಬ್‌ಗೆ ಹೋಗಿ. ಎಕ್ಸ್‌ಎಂಎಸ್ ಎದುರು 'ಆಟೋ' ಇರುತ್ತದೆ, ಅದನ್ನು 8192 ಅಥವಾ 16384 ಮಾಡಿ. ಡಾಸ್ ಪ್ರೋಗ್ರಾಂಗಳು ಹೆಚ್ಚಿನ ಮೆಮೊರಿ ಪಡೆಯುವ ಇನ್ನೆರಡು ದಾರಿಗಳಾದ ಇಎಂಎಸ್ ಮತ್ತು ಡಿಪಿಎಂಐ ಎದುರೂ ಹಾಗೇ ಒಂದು ಮಿತಿ ಹಾಕಿ. ಅದರ ಕಾಲದಲ್ಲಿ ಅಷ್ಟು ಮೆಮೊರಿ ಅಂದರೆ ದೊಡ್ಡ ಆಸ್ತಿ, ಆರಾಮವಾಗಿ ಓಡುತ್ತದೆ.

ಇದೇ ಜಾತಿಯ ಇನ್ನೊಂದು, 'ಪ್ಯಾಕ್ಡ್ ಫೈಲ್ ಈಸ್ ಕರಪ್ಟ್' ಅನ್ನುವ ಮೆಸೇಜ್. ಫೈಲ್ ಹಾಳಾಗಿದೆ ಅಂತ ಜನ ಹೊಸ ಕಾಪಿ ಹುಡುಕುತ್ತಾ ಅಲೆಯುತ್ತಾರೆ, ಫೈಲ್‌ಗೆ ಏನೂ ಆಗಿರುವುದಿಲ್ಲ. ಆಗಿನ ಕಾಲದ ಒಂದು ಬಗೆಯ ಕುಗ್ಗಿಸಿದ ಪ್ರೋಗ್ರಾಂಗಳಿಗೆ ಮೆಮೊರಿಯ ಮೊದಲ 64 ಕೆಬಿಯಲ್ಲಿ ಕೂತರೆ ಬಿಚ್ಚಿಕೊಳ್ಳಲು ಬರುವುದಿಲ್ಲ. ಡಾಸನ್ನು ಮೇಲಿನ ಮೆಮೊರಿಗೆ ಕಳಿಸಿ ಕೆಳಗೆ ಜಾಗ ಖಾಲಿ ಮಾಡಿದಷ್ಟೂ ಈ ತೊಂದರೆ ಜಾಸ್ತಿ. ಪ್ರೋಗ್ರಾಂ ಹೆಸರಿನ ಮುಂದೆ ಲೋಡ್‌ಫಿಕ್ಸ್ ಅಂತ ಸೇರಿಸಿ ಓಡಿಸಿದರೆ ಆ 64 ಕೆಬಿಯನ್ನು ತುಂಬಿ, ಪ್ರೋಗ್ರಾಮನ್ನು ಅದರ ಮೇಲೆ ಕೂರಿಸುತ್ತದೆ. ಅಷ್ಟೇ, ಮುಗಿಯಿತು. 'ರನ್‌ಟೈಮ್ ಎರರ್ 200' ಬಂದರೆ ಮಾತ್ರ ಮೆಮೊರಿ ಕಡೆ ನೋಡಲೇಬೇಡಿ. ಅದು ಬೋರ್ಲ್ಯಾಂಡ್ ಪಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಂ ವೇಗದ ಪ್ರೊಸೆಸರ್ ಮೇಲೆ ಮಾಡುವ ಭಾಗಾಕಾರದ ತಪ್ಪು. ಅದಕ್ಕೆ ಬೇರೆ ಪ್ಯಾಚ್ ಇದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕರ್ನೆಲ್32.

ಎರರ್ ಬಾಕ್ಸ್‌ನಲ್ಲಿ 'ಡೀಟೇಲ್ಸ್' ಅನ್ನುವ ಬಟನ್ ಇದೆ. ಹೆಚ್ಚಿನವರು ಅದನ್ನು ಒತ್ತದೆ ಕ್ಲೋಸ್ ಮಾಡುತ್ತಾರೆ, ನೀವೂ ಹಾಗೇ ಮಾಡಿರಬೇಕು. ಒತ್ತಿದರೆ ಮೊದಲ ಸಾಲಿನಲ್ಲಿ ಇಂಥ ಪ್ರೋಗ್ರಾಂ ಇಂಥ ಮಾಡ್ಯೂಲ್‌ನಲ್ಲಿ (ಕೋಡ್ ಇರುವ ಫೈಲ್) 'ಇನ್‌ವ್ಯಾಲಿಡ್ ಪೇಜ್ ಫಾಲ್ಟ್' ಮಾಡಿತು, ಅಂದರೆ ಇಲ್ಲದ ವಿಳಾಸಕ್ಕೆ ಕೈ ಹಾಕಿತು ಅಂತ ಇರುತ್ತದೆ, ಅದರ ಕೊನೆಗೆ ಒಂದು ವಿಳಾಸ. ಆ ವಿಳಾಸ ಬಿಎಫ್ಎಫ್ ಅಂತ ಶುರುವಾದರೆ ಅದು ವಿಂಡೋಸ್‌ನ ಸ್ವಂತ ಡಿಎಲ್‌ಎಲ್‌ಗಳು, ಅಂದರೆ ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳುವ ಕೋಡ್ ಫೈಲ್‌ಗಳು, ಕೂತಿರುವ ಓಣಿ. ಕರ್ನೆಲ್32 ಅಲ್ಲೇ ಇದೆ. ಇದನ್ನು ನೋಡಿದ ತಕ್ಷಣ ಜನ 'ಕರ್ನೆಲ್ ಕೆಟ್ಟಿದೆ, ವಿಂಡೋಸ್ ಮತ್ತೆ ಹಾಕಬೇಕು' ಅಂತ ತೀರ್ಮಾನಿಸುತ್ತಾರೆ. ಇದೇ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು. ಆ ಸಾಲು ಹೇಳುವುದು ಎಲ್ಲಿ ಬಿತ್ತು ಅಂತ. ಯಾರು ಕೆಡವಿದರು ಅಂತ ಅದಕ್ಕೆ ಗೊತ್ತಿಲ್ಲ.

ಹೇಗೆ ಅಂತ ಹೇಳುತ್ತೇನೆ. ಪ್ರೋಗ್ರಾಂಗೆ ಮೆಮೊರಿ ಬೇಕಾದಾಗ ಅದು ಕರ್ನೆಲ್32ನ್ನು ಕೇಳುತ್ತದೆ. ಕರ್ನೆಲ್32 ಒಂದು ತುಂಡು ಕೊಟ್ಟು, ಆ ತುಂಡಿನ ಪಕ್ಕದಲ್ಲೇ ತನ್ನ ಲೆಕ್ಕ ಬರೆದುಕೊಳ್ಳುತ್ತದೆ, ಇದು ಎಷ್ಟು ಉದ್ದ, ಮುಂದಿನದು ಎಲ್ಲಿದೆ ಅಂತ. ಈಗ ಪ್ರೋಗ್ರಾಂ 100 ಬೈಟ್ ಕೇಳಿ 104 ಬೈಟ್ ಬರೆದುಬಿಟ್ಟಿತು ಅಂದುಕೊಳ್ಳಿ. ಆ ನಾಲ್ಕು ಬೈಟ್ ಪಕ್ಕದ ಲೆಕ್ಕದ ಮೇಲೆ ಬೀಳುತ್ತದೆ. ಆ ಕ್ಷಣದಲ್ಲಿ ಏನೂ ಆಗುವುದಿಲ್ಲ. ನೀವು ಇನ್ನೂ ಹತ್ತು ನಿಮಿಷ ಕೆಲಸ ಮಾಡುತ್ತೀರಿ. ಆಮೇಲೆ ಯಾವುದೋ ಚಿತ್ರ ಅಳಿಸುತ್ತೀರಿ ಅಥವಾ ಪುಟ ಸೇರಿಸುತ್ತೀರಿ, ಕರ್ನೆಲ್32 ಆ ಹಾಳಾದ ಲೆಕ್ಕ ಓದಿ, ಅದರಲ್ಲಿ ಬರೆದ ವಿಳಾಸವನ್ನು ನಂಬಿ ಹೋಗಿ, ಇಲ್ಲದ ಜಾಗದಲ್ಲಿ ಕಾಲಿಟ್ಟು ಬೀಳುತ್ತದೆ. ಹೆಸರು ಬರುವುದು ಅದರದ್ದು. ಅದಕ್ಕೇ ಕರ್ನೆಲ್32 ಎರರ್ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ, ಬೀಳುವ ಐದು ಹತ್ತು ನಿಮಿಷ ಮೊದಲು ಏನು ಮಾಡಿದಿರಿ ಅನ್ನುವುದು.

ಡೀಟೇಲ್ಸ್‌ನಲ್ಲಿ ಇನ್ನೂ ಒಳ್ಳೇ ಸುಳಿವುಗಳಿವೆ. ನನ್ನ ಕೈಗೆ ಬಂದ ಒಂದು ಮಷೀನ್‌ನ ಕಥೆ ಹೇಳುತ್ತೇನೆ. ಲೆಕ್ಕಪತ್ರದ ಒಂದು ಪ್ರೋಗ್ರಾಂ ಫೈಲ್ ಸೇವ್ ಮಾಡುವಾಗ ಬೀಳುತ್ತಿತ್ತು. ಕೆಲವು ಫೈಲ್‌ಗಳಿಗೆ ಮಾತ್ರ. ಅದರ ಮಾಲೀಕರು ಆಗಲೇ ಎರಡು ಸಲ ರ‍್ಯಾಮ್ ಬದಲಿಸಿದ್ದರು, ಒಂದು ಸಲ ವಿಂಡೋಸನ್ನೂ ಮತ್ತೆ ಹಾಕಿಸಿದ್ದರು. ಮೆಸೇಜ್‌ನಲ್ಲಿ ಮಾಡ್ಯೂಲ್ ಹೆಸರಿನ ಜಾಗದಲ್ಲಿ 'ಅನ್‌ನೋನ್' ಅಂತ ಇತ್ತು, ವಿಳಾಸ 746ಇ656ಡಿ. ಇಂಥ ಜಾಗದಲ್ಲಿ ಯಾವ ಪ್ರೋಗ್ರಾಮೂ ಇರುವ ಸಾಧ್ಯತೆ ಇಲ್ಲ. ನಾನು ಆ ಸಂಖ್ಯೆಯನ್ನೇ ನೋಡುತ್ತಾ ಕೂತೆ. ಎರಡೆರಡು ಅಂಕಿಯಾಗಿ ಬಿಡಿಸಿದರೆ 74, 6ಇ, 65, 6ಡಿ. ಇಂಟೆಲ್ ಪ್ರೊಸೆಸರ್‌ಗಳು ಬೈಟ್‌ಗಳನ್ನು ಹಿಂದುಮುಂದಾಗಿ ಇಡುತ್ತವೆ, ಹಾಗಾಗಿ ಹಿಂದಿನಿಂದ ಓದಬೇಕು: 6ಡಿ, 65, 6ಇ, 74. ಇವು ಅಕ್ಷರಗಳ ಸಂಕೇತ ಅಂತ ನೋಡಿದರೆ ಎಂ, ಇ, ಎನ್, ಟಿ. 'ಡಾಕ್ಯುಮೆಂಟ್ಸ್' ಅನ್ನುವ ಪದದ 'ಮೆಂಟ್'! ಅಂದರೆ ಪ್ರೊಸೆಸರ್ ಫೋಲ್ಡರ್ ಹೆಸರಿನ ನಾಲ್ಕು ಅಕ್ಷರವನ್ನೇ ವಿಳಾಸ ಅಂದುಕೊಂಡು ಅಲ್ಲಿಗೆ ಹಾರಿತ್ತು. ಪ್ರೋಗ್ರಾಂ ಬರೆದವರು ಫೈಲ್ ದಾರಿಗೆ ಅಂತ ಚಿಕ್ಕ ಜಾಗ ಇಟ್ಟಿದ್ದರು. ಮೈ ಡಾಕ್ಯುಮೆಂಟ್ಸ್ ಒಳಗೆ ಫೋಲ್ಡರ್ ಒಳಗೆ ಫೋಲ್ಡರ್ ಮಾಡಿ ದಾರಿ ಉದ್ದವಾದಾಗ ಅದು ಉಕ್ಕಿ ಸ್ಟ್ಯಾಕ್ ಅನ್ನುವ ತಾತ್ಕಾಲಿಕ ಜಾಗದ ಮೇಲಿದ್ದ ವಾಪಸ್ ಹೋಗುವ ವಿಳಾಸವನ್ನು ಅಳಿಸಿ ಅಲ್ಲಿ ಕೂತಿತ್ತು. ಡೇಟಾ ಫೋಲ್ಡರನ್ನು ಸಿ ಡ್ರೈವ್‌ನ ಬುಡಕ್ಕೇ ತಂದು ಮೂರಕ್ಷರದ ಹೆಸರು ಕೊಟ್ಟೆ. ಅವತ್ತಿನಿಂದ ಒಂದು ಸಲವೂ ಬೀಳಲಿಲ್ಲ. ಆ ಸಂಖ್ಯೆಯನ್ನು ಓದಿದ ಸಂಜೆ ನನಗಿನ್ನೂ ನೆನಪಿದೆ, ಈ ಕೆಲಸದಲ್ಲಿ ಅಷ್ಟು ಖುಷಿ ಕೊಟ್ಟ ಗಳಿಗೆಗಳು ಕಡಿಮೆ.

ಹಾಗಾಗಿ ನೀವೂ ವಿಳಾಸಗಳನ್ನು ನೋಡುವಾಗ, 20ರಿಂದ 7ಎ ನಡುವಿನ ಅಂಕಿಗಳೇ ನಾಲ್ಕೂ ಜೋಡಿಯಲ್ಲಿ ಬಂದರೆ ಅಕ್ಷರ ಇರಬಹುದಾ ಅಂತ ಅನುಮಾನ ಪಡಿ. 20202020 ಅಂದರೆ ನಾಲ್ಕು ಖಾಲಿ ಜಾಗ. ವಿಳಾಸ ಪೂರ್ತಿ ಸೊನ್ನೆ ಅಥವಾ ಸೊನ್ನೆಗೆ ತೀರಾ ಹತ್ತಿರ, 00000004, 00000010 ಈ ಥರ ಇದ್ದರೆ, ಪ್ರೋಗ್ರಾಂ ಏನೋ ಕೇಳಿ ಅದು ಸಿಗದೇ ಹೋಗಿ, ಸಿಕ್ಕಿತಾ ಅಂತ ನೋಡದೆ ಮುಂದುವರಿದಿದೆ ಅಂತ ಅರ್ಥ. ಇಂಥದ್ದು ಬಹುಮಟ್ಟಿಗೆ ಪ್ರೋಗ್ರಾಂನದ್ದೇ ತಪ್ಪು, ರ‍್ಯಾಮ್‌ನದ್ದಲ್ಲ. ಎಕ್ಸ್‌ಪಿಯಲ್ಲಿ 'ದ ಮೆಮೊರಿ ಕುಡ್ ನಾಟ್ ಬಿ ರೆಡ್' ಅಂತ ಬರುವ ಮೆಸೇಜ್ ಕೂಡ ಇದೇ ಸಂಗತಿ. ಅದರಲ್ಲಿ ಎರಡು ವಿಳಾಸ ಇರುತ್ತದೆ. ಮೊದಲನೆಯದು ಯಾವ ಸೂಚನೆ ಬಿತ್ತು ಅನ್ನುವುದು, ಎರಡನೆಯದು ಎಲ್ಲಿ ಓದಲು ಹೋಗಿತ್ತು ಅನ್ನುವುದು. ಎರಡನೆಯದನ್ನು ನೋಡಬೇಕು.

ಹಾಗಾದರೆ ರ‍್ಯಾಮ್ ಕೆಟ್ಟಿದ್ದರೆ ಹೇಗೆ ತಿಳಿಯುವುದು? ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಿಜವಾಗಿ ಹೇಳುತ್ತಿದ್ದೇನೆ, ಇದಕ್ಕಿಂತ ಒಳ್ಳೇ ಉಪಕರಣ ಇಲ್ಲ. ಪ್ರತಿ ಸಲ ಬಿದ್ದಾಗ ಸಮಯ, ಪ್ರೋಗ್ರಾಂ, ಮಾಡ್ಯೂಲ್, ವಿಳಾಸ, ಆಗ ಏನು ಮಾಡುತ್ತಿದ್ದಿರಿ, ಮಷೀನ್ ಹಾಕಿ ಎಷ್ಟು ಹೊತ್ತಾಗಿತ್ತು, ಇಷ್ಟು ಬರೆಯಿರಿ. ಎಂಟು ಹತ್ತು ಸಾಲು ಆದ ಮೇಲೆ ನೋಡಿ. ಅದೇ ಪ್ರೋಗ್ರಾಂ, ಅದೇ ಮಾಡ್ಯೂಲ್, ಅದೇ ವಿಳಾಸ ಮತ್ತೆ ಮತ್ತೆ ಬಂದಿದ್ದರೆ ಪ್ರೋಗ್ರಾಂ ಅಥವಾ ಡ್ರೈವರ್ ತಪ್ಪು. ಸಾಫ್ಟ್‌ವೇರ್ ತಪ್ಪು ಅಂದರೆ ಒಂದೇ ಹೊಂಡಕ್ಕೆ ದಿನವೂ ಬೀಳುವುದು. ಇವತ್ತು ಪುಟ ವಿನ್ಯಾಸ, ನಾಳೆ ನೋಟ್‌ಪ್ಯಾಡ್, ನಾಡಿದ್ದು ಎಕ್ಸ್‌ಪ್ಲೋರರ್, ಪ್ರತಿ ಸಲ ಬೇರೆ ಮಾಡ್ಯೂಲ್, ಬೇರೆ ವಿಳಾಸ, ಜೊತೆಗೆ ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್ (ಬಿಚ್ಚಿದ ಡೇಟಾ ಮೂಲಕ್ಕೆ ತಾಳೆಯಾಗುತ್ತಿಲ್ಲ ಅನ್ನುವುದು), ಇನ್‌ಸ್ಟಾಲ್ ಮಾಡುವಾಗ ಕ್ಯಾಬ್ ಅನ್ನುವ ಕುಗ್ಗಿಸಿದ ಫೈಲ್ ಓದಲಾಗುತ್ತಿಲ್ಲ ಅನ್ನುವುದು, ಇವೆಲ್ಲ ಬಂದರೆ ಆಗ ಹಾರ್ಡ್‌ವೇರ್ ಕಡೆ ತಿರುಗಿ. ಕೆಟ್ಟ ರ‍್ಯಾಮ್‌ಗೆ ಇಂಥ ಪ್ರೋಗ್ರಾಂ ಅಂತ ಪಕ್ಷಪಾತ ಇಲ್ಲ.

ಒಂದು ತೊಡಕು ಮಾತ್ರ ಇದೆ. ವಿಂಡೋಸ್ 95, 98, ಮಿಲೇನಿಯಂ, ಈ ಮೂರರಲ್ಲೂ 2 ಜಿಬಿಯಿಂದ 3 ಜಿಬಿವರೆಗಿನ ವಿಳಾಸಗಳು ಎಲ್ಲ ಪ್ರೋಗ್ರಾಂಗಳಿಗೂ ಸೇರಿದ್ದು, ನಡುವೆ ಗೋಡೆ ಇಲ್ಲ. ಒಂದು ಪ್ರೋಗ್ರಾಂ ಅಲ್ಲಿ ಕೈತಪ್ಪಿ ಬರೆದರೆ ಇನ್ನೊಂದು ಬೀಳುತ್ತದೆ. ಆದ್ದರಿಂದ ಮೊದಲು ಬಿದ್ದದ್ದಕ್ಕೆ ಬೆಲೆ ಕೊಡಿ, ರೀಸ್ಟಾರ್ಟ್ ಮಾಡದೆ ಅದರ ಬೆನ್ನಿಗೆ ಬಿದ್ದ ಬೇರೆ ಎರರ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಸಲ ಬಿದ್ದರೆ ಕೆಲಸ ಉಳಿಸಿ ಪೂರ್ತಿ ರೀಸ್ಟಾರ್ಟ್ ಮಾಡಿ. ಎನ್‌ಟಿ, 2000, ಎಕ್ಸ್‌ಪಿಗಳಲ್ಲಿ ಈ ಗೋಡೆ ಗಟ್ಟಿಯಾಗಿದೆ.

ನೀಲಿ ಪರದೆಯಲ್ಲೂ ಓದಲು ಇದೆ. 'ಫೇಟಲ್ ಎಕ್ಸೆಪ್ಷನ್ 0ಇ' ಅಂದರೆ ಪೇಜ್ ಫಾಲ್ಟ್, 0ಡಿ ಅಂದರೆ ಜನರಲ್ ಪ್ರೊಟೆಕ್ಷನ್ ಫಾಲ್ಟ್, 06 ಅಂದರೆ ಪ್ರೊಸೆಸರ್‌ಗೆ ಅರ್ಥವಾಗದ ಸೂಚನೆ. ವಿಳಾಸ 0028:ಸಿ0 ಅಂತ ಶುರುವಾದರೆ ಬಿದ್ದದ್ದು ವಿಂಡೋಸ್‌ನ ಒಳಮನೆಯಲ್ಲಿ, ಡ್ರೈವರ್‌ಗಳು ಓಡುವ ಜಾಗದಲ್ಲಿ. ಮುಂದೆ ವಿಎಕ್ಸ್‌ಡಿ (ವಿಂಡೋಸ್‌ನ ಒಂದು ಬಗೆಯ ಡ್ರೈವರ್) ಅಂತ ಬರೆದು ಒಂದು ಹೆಸರು ಕೊಡುತ್ತದೆ. ಅದು ವಿಎಂಎಂ (ಒಳಮನೆಯಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗ) ಅಂತಿದ್ದರೆ ಅದೂ ಕರ್ನೆಲ್32ರ ಥರ ಪೆಟ್ಟು ತಿಂದವನ ಹೆಸರು, ಅಷ್ಟು ಉಪಯೋಗ ಇಲ್ಲ. ನೆಟ್‌ವರ್ಕ್, ಸೌಂಡ್ ಅಥವಾ ಗ್ರಾಫಿಕ್ಸ್ ಡ್ರೈವರ್ ಹೆಸರು ಬಂದು, ಪ್ರತಿ ಸಲವೂ ಅದೇ ಬಂದರೆ ಆ ಡ್ರೈವರ್ ತೆಗೆದು ಎರಡು ದಿನ ನೋಡಿ. ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಇದ್ದರೆ ತೆಗೆಯುವ ಮೊದಲು ಇನ್ನೊಂದು ಸುಲಭ ಪರೀಕ್ಷೆ ಇದೆ. ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಂ, ಅದರಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಗ್ರಾಫಿಕ್ಸ್, ಅಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಅನ್ನುವ ಜಾರುಪಟ್ಟಿಯನ್ನು ಪೂರ್ತಿ ಎಡಕ್ಕೆ ಎಳೆಯಿರಿ. ಪರದೆ ನಿಧಾನ ಆಗುತ್ತದೆ. ಕ್ರ್ಯಾಶ್ ನಿಂತರೆ ಕಳ್ಳ ಸಿಕ್ಕ.

ಕಡ್ಡಿ ಪರೀಕ್ಷೆಗೆ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್ ಬಳಸಿ. ಮಷೀನ್ ಹಳೆಯದಾದ್ದರಿಂದ ಫ್ಲಾಪಿಯಿಂದ ಶುರುವಾಗುವ ಹಳೇ ಆವೃತ್ತಿಯೇ ಒಳ್ಳೆಯದು. ವಿಂಡೋಸ್ ಒಳಗೆ ಕೂತು ರ‍್ಯಾಮ್ ಪರೀಕ್ಷೆ ಮಾಡುವ ಪ್ರೋಗ್ರಾಂಗಳನ್ನು ನಾನು ನಂಬುವುದಿಲ್ಲ, ವಿಂಡೋಸ್ ತಾನೇ ಕೂತಿರುವ ಜಾಗವನ್ನು ಅವು ಮುಟ್ಟಲಾರವು. ಮಷೀನ್ ಶುರುವಾಗುವಾಗ ಹಿಮೆಮ್ ಅನ್ನುವ ಮೆಮೊರಿ ಡ್ರೈವರ್ ಮಾಡುವ ಪರೀಕ್ಷೆಯೂ ಮೇಲುಮೇಲಿನದು, ಅದು ಪಾಸಾದರೆ ಏನೂ ಸಾಬೀತಾಗುವುದಿಲ್ಲ. ಒಂದೇ ಸ್ಲಾಟ್‌ನಲ್ಲಿ ಒಂದೊಂದೇ ಕಡ್ಡಿ ಹಾಕಿ, ಒಂದೊಂದಕ್ಕೂ ಒಂದು ರಾತ್ರಿ ಬಿಡಿ. ಒಂದೇ ಒಂದು ಎರರ್ ಬಂದರೂ ಆ ಕಡ್ಡಿ ಫೇಲ್. 'ಒಂದೇ ತಾನೆ' ಅನ್ನುವಂತಿಲ್ಲ. ಮೂರೂ ಒಂಟಿಯಾಗಿ ಪಾಸಾಗಿ ಒಟ್ಟಿಗೆ ಹಾಕಿದಾಗ ಫೇಲಾದರೆ ಬೋರ್ಡ್‌ಗೆ ಅಷ್ಟು ಭಾರ ಹೊರಲು ಆಗುತ್ತಿಲ್ಲ ಅಂತ ಅರ್ಥ. ಬಯಾಸ್‌ನಲ್ಲಿ ಕ್ಯಾಸ್ ಲೇಟೆನ್ಸಿ, ಅಂದರೆ ಕಡ್ಡಿಯ ಉತ್ತರಕ್ಕೆ ಕಾಯುವ ಸಮಯ, 2 ಇದ್ದರೆ 3 ಮಾಡಿ ನೋಡಿ.

ಕಡ್ಡಿ ಬಿಸಾಡುವ ಮೊದಲು ಅದರ ತುದಿಯ ಲೋಹದ ಹಲ್ಲುಗಳನ್ನು ನೋಡಿ. ಮಂಕಾಗಿದ್ದರೆ ಮೆತ್ತನೆಯ ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ, ಸ್ಲಾಟ್‌ನ ಧೂಳನ್ನೂ ತೆಗೆದು ಮತ್ತೆ ಕೂರಿಸಿ. ಎರಡೂ ಬದಿಯ ಕೊಂಡಿ ಟಕ್ ಅನ್ನಬೇಕು. ಇದನ್ನೆಲ್ಲ ಮಾಡುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪವರ್ ವೈರನ್ನೇ ಕಿತ್ತಿಡಿ. ಎಟಿಎಕ್ಸ್ ಬೋರ್ಡ್‌ಗಳಲ್ಲಿ ಮಷೀನ್ ಆಫ್ ಇದ್ದರೂ 5 ವೋಲ್ಟ್ ಹರಿಯುತ್ತಿರುತ್ತದೆ. ಕಡ್ಡಿ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ. ಬೋರ್ಡ್ ತೆರೆದಾಗಲೇ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ ಅಥವಾ ಕಂದು ಬಣ್ಣದ ಅಂಟು ಸೋರಿದ್ದರೆ ವೋಲ್ಟೇಜ್ ನಡುಗುತ್ತಿರುತ್ತದೆ, ಆಗ ಒಳ್ಳೇ ರ‍್ಯಾಮ್ ಕೂಡ ಕೆಟ್ಟದ್ದರ ಹಾಗೆ ವರ್ತಿಸುತ್ತದೆ. ಇನ್ನೊಂದು ಮಾತು, ನಿಮ್ಮದು 440ಬಿಎಕ್ಸ್ ಚಿಪ್‌ಸೆಟ್ ಇರುವ ಬೋರ್ಡ್ ಆಗಿದ್ದು, 8 ಚಿಪ್ ಮಾತ್ರ ಇರುವ 256 ಎಂಬಿ ಕಡ್ಡಿ 128 ಅಂತ ತೋರಿಸಿದರೆ ಕಡ್ಡಿ ಕೆಟ್ಟಿಲ್ಲ. ಆ ಬೋರ್ಡ್‌ಗೆ 16 ಚಿಪ್‌ನ ಕಡ್ಡಿಯೇ ಬೇಕು.

ಕೊನೆಯದಾಗಿ, 128 ಎಂಬಿ ಇದ್ದಾಗಲೂ ಪುಟ ವಿನ್ಯಾಸದ ಪ್ರೋಗ್ರಾಂ ಬೀಳುತ್ತಿತ್ತು ಅಂದಿರಿ. ಆ ಹಳೇ ತೊಂದರೆ ಕಡ್ಡಿ ಸರಿಮಾಡಿದರೂ ಉಳಿಯುತ್ತದೆ ಅಂತ ನನಗನಿಸುತ್ತದೆ. ಅದು ಸಿಸ್ಟಂ ರಿಸೋರ್ಸಸ್ ಇರಬಹುದು. ವಿಂಡೋಸ್ 98 ಒಳಗೆ ಇನ್ನೂ 16 ಬಿಟ್ ಕಾಲದ ಯೂಸರ್ (ಕಿಟಕಿ, ಮೆನು) ಮತ್ತು ಜಿಡಿಐ (ಚಿತ್ರ, ಫಾಂಟ್) ಅನ್ನುವ ಎರಡು ಭಾಗಗಳಿವೆ. ಅವುಗಳ ಕೆಲವು ಲೆಕ್ಕಗಳು ಈಗಲೂ 64 ಕೆಬಿಯ ಡಬ್ಬಿಯಲ್ಲೇ ಇರಬೇಕು. ನೀವು 128 ಹಾಕಿ, 768 ಹಾಕಿ, ಆ ಡಬ್ಬಿ 64 ಕೆಬಿಯೇ. ಮೈ ಕಂಪ್ಯೂಟರ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಪರ್ಫಾರ್ಮೆನ್ಸ್ ನೋಡಿದರೆ ಶೇಕಡಾ ಎಷ್ಟು ಖಾಲಿ ಇದೆ ಅಂತ ಬರುತ್ತದೆ. ರಿಸೋರ್ಸ್ ಮೀಟರ್ ಹಾಕಿಕೊಂಡರೆ ಗಡಿಯಾರದ ಪಕ್ಕದಲ್ಲೇ ಕಾಣುತ್ತಿರುತ್ತದೆ. ಬೆಳಿಗ್ಗೆ 80 ಇದ್ದದ್ದು, ಕೆಲಸ ಮಾಡುತ್ತಾ 40, 25 ಆಗಿ, 15ಕ್ಕೆ ಇಳಿದಾಗ ಮೆನುಗಳು ಅರ್ಧ ಬರುವುದು, ಐಕಾನ್ ಕಪ್ಪಾಗುವುದು, ಆಮೇಲೆ ಬೀಳುವುದು, ಹೀಗೆ ನಡೆದರೆ ಕಾರಣ ಇದೇ. ಪ್ರೋಗ್ರಾಂ ಮುಚ್ಚಿದ ಮೇಲೂ ಅದು ಮೇಲೆ ಏರದಿದ್ದರೆ ಸೋರಿಕೆ ಇದೆ. ಹಳೇ 16 ಬಿಟ್ ಪ್ರೋಗ್ರಾಂ ಆದರೆ, ಓಡುತ್ತಿರುವ 16 ಬಿಟ್ ಪ್ರೋಗ್ರಾಂಗಳೆಲ್ಲ ಮುಚ್ಚುವವರೆಗೆ ವಿಂಡೋಸ್ ಅದರ ಜಾಗ ವಾಪಸ್ ತೆಗೆದುಕೊಳ್ಳುವುದೇ ಇಲ್ಲ.

ಪುಟ ವಿನ್ಯಾಸ ಮಾಡುವವರ ಮಷೀನ್‌ನಲ್ಲಿ ಫಾಂಟ್‌ಗಳು ರಾಶಿ ಇರುತ್ತವೆ, ನಿಮ್ಮಲ್ಲೂ ಇರಬೇಕು. ವಿಂಡೋಸ್ 98 ಸುಮಾರು 1000 ಟ್ರೂಟೈಪ್ ಫಾಂಟ್‌ವರೆಗೆ ಮಾತ್ರ ತಾಳುತ್ತದೆ. ಅದಕ್ಕೂ ಬಹಳ ಮೊದಲೇ ನಿಧಾನ ಆಗುತ್ತದೆ. ಹಾಳಾದ ಒಂದೇ ಫಾಂಟ್ ಇದ್ದರೂ ಫಾಂಟ್ ಪಟ್ಟಿ ತೆರೆದ ತಕ್ಷಣ ಪ್ರೋಗ್ರಾಂ ಬೀಳಬಹುದು. ದಿನಾ ಬಳಸುವ ನೂರು ಬಿಟ್ಟು ಉಳಿದದ್ದನ್ನು ಬೇರೆ ಫೋಲ್ಡರ್‌ಗೆ ಸರಿಸಿ ನೋಡಿ. ಜೊತೆಗೆ ಸಿ ಡ್ರೈವ್‌ನಲ್ಲಿ ಕೆಲವು ನೂರು ಎಂಬಿ ಖಾಲಿ ಇಡಿ, ಸ್ವಾಪ್ ಫೈಲ್‌ಗೆ ಬೆಳೆಯಲು ಜಾಗ ಬೇಕು. ಒಂದು ಸಲ ಡಾಸ್‌ಗೆ ಹೋಗಿ ಆ ಸ್ವಾಪ್ ಫೈಲನ್ನು, ಅಂದರೆ ವಿನ್386.ಎಸ್‌ಡಬ್ಲ್ಯೂಪಿ ಅಳಿಸಿ, ಸ್ಕ್ಯಾನ್‌ಡಿಸ್ಕ್ ಓಡಿಸಿ. ವಿಂಡೋಸ್ ಶುರುವಾದಾಗ ಹೊಸದನ್ನು ತಾನೇ ಮಾಡಿಕೊಳ್ಳುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನಡುವೆ ಎರಡು ದಿನ ಬಿಡಿ. ಮೊದಲು ಕಡ್ಡಿ ಇಳಿಸುವುದು, ಆಮೇಲೆ ಮೆಮ್‌ಟೆಸ್ಟ್, ಆಮೇಲೆ ಫಾಂಟ್ ಮತ್ತು ರಿಸೋರ್ಸ್ ಮೀಟರ್, ಡ್ರೈವರ್ ಕೊನೆಗೆ. ಈ ನಡುವೆ ರನ್‌ನಲ್ಲಿ ಡಾಕ್ಟರ್‌ವಾಟ್ಸನ್ ಶುರು ಮಾಡಿ ಬಿಡಿ. ಇಂಗ್ಲಿಷ್‌ನಲ್ಲಿ ಡಿ, ಆರ್ ಎರಡಕ್ಷರ, ಆಮೇಲೆ ವಾಟ್ಸನ್, ಎಲ್ಲ ಸೇರಿಸಿ ಬರೆಯಬೇಕು. ಅದು ಗಡಿಯಾರದ ಪಕ್ಕ ಸುಮ್ನೆ ಕೂತಿದ್ದು, ಏನಾದರೂ ಬಿದ್ದಾಗ ಆ ಕ್ಷಣದ ಪೂರ್ತಿ ಚಿತ್ರ ತೆಗೆದು ಡಬ್ಲ್ಯೂಎಲ್‌ಜಿ ಫೈಲ್ ಆಗಿ ವಿಂಡೋಸ್ ಫೋಲ್ಡರ್ ಒಳಗಿನ ಡಾಕ್ಟರ್‌ವಾಟ್ಸನ್ ಫೋಲ್ಡರ್‌ನಲ್ಲಿ ಇಡುತ್ತದೆ. ಇಷ್ಟೆಲ್ಲ ಆದ ಮೇಲೂ ನಿಲ್ಲದಿದ್ದರೆ ಅಂಥ ಮೂರು ನಾಲ್ಕು ಫೈಲ್ ಮತ್ತು ನಿಮ್ಮ ನೋಟ್‌ಬುಕ್‌ನ ಆ ಪುಟ ಕಳಿಸಿ, ವಿಳಾಸಗಳನ್ನು ಒಟ್ಟಿಗೆ ಕೂತು ಓದೋಣ.